ದಾನಿಯ ದೇಹ ಮತ್ತು ಯಂತ್ರದ ತೋಳು

ಶಸ್ತ್ರವೈದ್ಯನು ಕತ್ತಿಯನ್ನು ಕೈಗೆತ್ತಿಕೊಳ್ಳುವುದಕ್ಕೆ ಲೋಕವು ಬಹುಕಾಲದಿಂದ ಒಂದೇ ಸಮರ್ಥನೆಯನ್ನು ಒಪ್ಪಿಕೊಂಡು ಬಂದಿತ್ತು. ಯಾವ ದೇಹಕ್ಕೆ ಗಾಯವಾಗುವುದೋ ಆ ದೇಹಕ್ಕೇ ಅದರಿಂದ ಹಿತವಾಗಬೇಕು. ಕೊಳೆತ ಬೆರಳನ್ನು ಕತ್ತರಿಸಿ ಕೈಯನ್ನುಳಿಸುವುದು, ಕುರುವನ್ನು ಕೊಯ್ದು ಕೀವನ್ನು ಹೊರಹಾಕುವುದು ನೋವಿನ ಕ್ರಿಯೆಗಳೇ ಆದರೂ ಅವುಗಳನ್ನು ಯಾರೂ ಹಿಂಸೆಯೆಂದು ಕರೆಯಲಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಅಂಗಗಳ ಕಸಿ ಆರಂಭವಾದಾಗ, ಈ ಸರಳ ನ್ಯಾಯ ಸಡಿಲಗೊಂಡಿತು. 1954ರ ಡಿಸೆಂಬರಿನಲ್ಲಿ ಅಮೆರಿಕೆಯ ಬೋಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆಯವರು ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ತೆಗೆದು ಇನ್ನೊಬ್ಬನಿಗೆ ಜೋಡಿಸಿ ಯಶಸ್ವಿಯಾದರು. ರೋಗಿ ಬದುಕಿದನು. ಆದರೆ ಆ ಶಸ್ತ್ರಕ್ರಿಯಾ ಮಂದಿರದಲ್ಲಿ ಯಾವ ರೋಗವೂ ಇಲ್ಲದ ಮನುಷ್ಯನೊಬ್ಬನು ಕತ್ತಿಯ ಕೆಳಗೆ ಮಲಗಿದ್ದನು. ಅವನಿಗೆ ಆದ ಗಾಯದಿಂದ ಅವನ ದೇಹಕ್ಕೆ ಬಂದ ಲಾಭ ಏನೂ ಇರಲಿಲ್ಲ.

ಮೂತ್ರಪಿಂಡಗಳು ಎರಡಿವೆ; ಒಂದನ್ನು ಕೊಟ್ಟವನು ಇನ್ನೊಂದರಿಂದ ಬಾಳಬಲ್ಲನು. ಯಕೃತ್ತು, ಅಂದರೆ ಪಿತ್ತಜನಕಾಂಗ, ಒಂದೇ ಒಂದು. ಆದ್ದರಿಂದ ಅದರ ಕಸಿಯ ಇತಿಹಾಸ ಮೃತರಿಂದ ಪಡೆದ ಅಂಗದಿಂದಲೇ ಆರಂಭವಾಗುತ್ತದೆ. ಅದಕ್ಕೂ ಹಿಂದೆ ಮೂಕಪ್ರಾಣಿಗಳ ಒಂದು ಅಧ್ಯಾಯವಿದೆಯೆಂಬುದನ್ನು ಮರೆಯುವಂತಿಲ್ಲ. 1950ರ ದಶಕದಿಂದ ಅಮೆರಿಕೆಯ ಹಲವು ಪ್ರಯೋಗಾಲಯಗಳಲ್ಲಿ ನೂರಾರು ನಾಯಿಗಳ ಮೇಲೆ ಈ ಕ್ರಿಯೆಯ ಅಭ್ಯಾಸ ನಡೆಯಿತು. ಇಂದು ಬದುಕಿರುವ ಪ್ರತಿಯೊಬ್ಬ ಕಸಿ ರೋಗಿಯ ಹಿಂದೆ ಆ ಋಣವೂ ಇದೆ. ವೈದ್ಯಗ್ರಂಥಗಳು ಅದನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ವಾಡಿಕೆ.

1963ರ ಮಾರ್ಚ್ 1ರಂದು ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜ್ಲ್ ಅವರು ಮನುಷ್ಯನಲ್ಲಿ ಯಕೃತ್ತಿನ ಕಸಿಯನ್ನು ಮೊದಲ ಬಾರಿಗೆ ಪ್ರಯತ್ನಿಸಿದರು. ರೋಗಿ ಮೂರು ವರ್ಷದ ಮಗು. ಜನ್ಮದಿಂದಲೇ ಪಿತ್ತನಾಳಗಳು ಮುಚ್ಚಿಹೋಗಿದ್ದ ಆ ಮಗು ತಡೆಯಲಾಗದ ರಕ್ತಸ್ರಾವದಿಂದ ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಅಸುನೀಗಿತು. ಅನಂತರದ ಕೆಲವು ರೋಗಿಗಳೂ ಒಂದು ತಿಂಗಳನ್ನು ಕಾಣಲಿಲ್ಲ. ಸ್ಟಾರ್ಜ್ಲ್ ತಾವಾಗಿಯೇ ಈ ಕಾರ್ಯವನ್ನು ನಿಲ್ಲಿಸಿದರು. 1967ರಲ್ಲಿ ಪುನಃ ಆರಂಭಿಸಿದಾಗ ಒಂದು ಮಗು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿತು. ಮರುವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡಾ. ರಾಯ್ ಕಾನ್ ಅವರು ಯುರೋಪಿನಲ್ಲಿ ಈ ಕಾರ್ಯಕ್ಕೆ ಕೈಹಾಕಿದರು. ದೇಹವು ಪರಕೀಯ ಅಂಗವನ್ನು ತಿರಸ್ಕರಿಸುವುದನ್ನು ತಡೆಯಬಲ್ಲ ಸೈಕ್ಲೋಸ್ಪೋರಿನ್ ಎಂಬ ಔಷಧವು, ಮಣ್ಣಿನ ಶಿಲೀಂಧ್ರವೊಂದರಿಂದ ದೊರೆತದ್ದು, 1978ರಲ್ಲಿ ಅದೇ ಕೇಂಬ್ರಿಜ್‌ನಲ್ಲಿ ಮನುಷ್ಯರಲ್ಲಿ ಪ್ರಯೋಗಕ್ಕೆ ಬಂದಮೇಲೆ ಪರಿಸ್ಥಿತಿ ಬದಲಾಯಿತು. 1983ರಲ್ಲಿ ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಕರೆದ ತಜ್ಞರ ಸಭೆ, ಯಕೃತ್ತಿನ ಕಸಿ ಇನ್ನು ಬರಿಯ ಪ್ರಯೋಗವಲ್ಲ, ಚಿಕಿತ್ಸೆಯೇ ಎಂದು ಒಪ್ಪಿಕೊಂಡಿತು.

ಚಿಕಿತ್ಸೆಯೆಂದು ಸಿದ್ಧವಾದ ಕೂಡಲೇ ಅಂಗಗಳ ಕೊರತೆ ಕಾಣಿಸಿಕೊಂಡಿತು. ಎಲ್ಲರಿಗಿಂತ ಹೆಚ್ಚು ಕಷ್ಟಕ್ಕೆ ಸಿಲುಕಿದವರು ಮಕ್ಕಳು. ಏಕೆಂದರೆ ಪುಟ್ಟ ಹೊಟ್ಟೆಗೆ ಹೊಂದುವ ಪುಟ್ಟ ಯಕೃತ್ತು ದೊರೆಯಬೇಕಾದರೆ ಮತ್ತೊಂದು ಮಗು ಸಾಯಬೇಕು. ಇದಕ್ಕೆ ದಾರಿ ತೋರಿಸಿದ್ದು ಪ್ಯಾರಿಸಿನ ಶರೀರರಚನಾ ತಜ್ಞ ಕ್ಲೋದ್ ಕ್ವಿನೋ ಅವರು 1957ರಲ್ಲಿ ಪ್ರಕಟಿಸಿದ ಅಧ್ಯಯನ. ಹೊರಗಿನಿಂದ ಒಂದೇ ಮುದ್ದೆಯಂತೆ ಕಾಣುವ ಯಕೃತ್ತು ಒಳಗೆ ಎಂಟು ಖಂಡಗಳಾಗಿ ಹಂಚಿಹೋಗಿದೆ, ಪ್ರತಿ ಖಂಡಕ್ಕೂ ತನ್ನದೇ ರಕ್ತನಾಳಗಳೂ ಪಿತ್ತನಾಳವೂ ಇವೆ ಎಂದು ಅವರು ತೋರಿಸಿದ್ದರು. ಹಾಗಾದರೆ ಅದನ್ನು ಭಾಗಿಸಬಹುದು. ಭಾಗಿಸಿದ ಮೇಲೆ ಉಳಿದ ಭಾಗ ಕೆಲವು ವಾರ, ತಿಂಗಳುಗಳಲ್ಲಿ ಬೆಳೆದು ಹಿಂದಿನ ಗಾತ್ರದ ಸಮೀಪಕ್ಕೆ ಬರುವ ವಿಚಿತ್ರ ಶಕ್ತಿಯೂ ಈ ಅಂಗಕ್ಕಿದೆ. ಈ ಎರಡು ಸತ್ಯಗಳು ಕೂಡಿದಾಗ, ತಾಯಿ ತಂದೆಯರು ತಮ್ಮ ಯಕೃತ್ತಿನ ಒಂದು ಭಾಗವನ್ನು ಮಗುವಿಗೆ ಕೊಡಬಹುದೆಂಬ ಆಲೋಚನೆ ತಾನಾಗಿಯೇ ಮೂಡಿತು.

1988ರ ಡಿಸೆಂಬರಿನಲ್ಲಿ ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿ ಡಾ. ಸಿಲ್ವಾನೊ ರಾಯಾ ಇದನ್ನು ಮೊದಲು ಮಾಡಿದರು, ಮಗು ಉಳಿಯಲಿಲ್ಲ. 1989ರ ಜುಲೈನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಡಾ. ರಸೆಲ್ ಸ್ಟ್ರಾಂಗ್ ಅವರು ಜಪಾನಿನಿಂದ ಬಂದ ತಾಯಿಯೊಬ್ಬಳ ಯಕೃತ್ತಿನ ಭಾಗವನ್ನು ಅವಳ ಮಗನಿಗೆ ಜೋಡಿಸಿದಾಗ ಮಗು ಬದುಕಿಕೊಂಡಿತು.

ಅದೇ ವರ್ಷ ಅಮೆರಿಕೆಯ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ನಡೆದ ಸಂಗತಿ ವೈದ್ಯಕೀಯ ನೀತಿಶಾಸ್ತ್ರದ ದೃಷ್ಟಿಯಿಂದ ಹೆಚ್ಚು ಮಹತ್ತ್ವದ್ದು. ಡಾ. ಕ್ರಿಸ್ಟೋಫ್ ಬ್ರೋಲ್ಷ್ ಅವರ ತಂಡ ಕೌಶಲದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೂ ಅವರು ಕತ್ತಿಯನ್ನು ಕೈಗೆತ್ತಿಕೊಳ್ಳುವ ಮೊದಲು ನೀತಿಚಿಂತಕರೊಂದಿಗೆ ಕುಳಿತರು. ಡಾ. ಮಾರ್ಕ್ ಸೀಗ್ಲರ್ ಮೊದಲಾದವರೊಂದಿಗೆ ದೀರ್ಘ ಚರ್ಚೆ ನಡೆಸಿ, ತಾವು ಮಾಡಹೊರಟಿರುವುದೇನು, ಅದನ್ನು ಮಾಡುವುದು ಸರಿಯೇ ಎಂಬುದನ್ನು 1989ರಲ್ಲಿ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿ ಲೋಕದ ಮುಂದಿಟ್ಟರು. ಮೊದಲ ಶಸ್ತ್ರಕ್ರಿಯೆ ನಡೆದದ್ದು ಅನಂತರ, ನವೆಂಬರಿನಲ್ಲಿ. ಮಾಡಿ ಮುಗಿಸಿದ ಮೇಲೆ ಸಮರ್ಥನೆಯನ್ನು ಹುಡುಕುವುದೇ ರೂಢಿಯಾಗಿರುವ ಕ್ಷೇತ್ರದಲ್ಲಿ ಈ ಕ್ರಮ ಅಪರೂಪದ್ದು.

ಅವರನ್ನು ಕಾಡಿದ ಮುಖ್ಯ ಪ್ರಶ್ನೆ ದಾನಿಯ ಒಪ್ಪಿಗೆಯದು. ಸಾಯುತ್ತಿರುವ ಮಗುವಿನ ತಾಯಿಗೆ 'ನೀನು ಕೊಡುವೆಯಾ?' ಎಂದು ಕೇಳಿದರೆ ಅವಳು ಬೇರೆ ಏನೆಂದಾಳು? ಬಲಾತ್ಕಾರ ಹೊರಗಿನಿಂದಲೇ ಬರಬೇಕೆಂದಿಲ್ಲ. ಪ್ರೀತಿಯೂ, ಮನೆಯವರ ಮೌನವೂ ಬಲಾತ್ಕಾರವಾಗಬಲ್ಲವು. ಆದ್ದರಿಂದ ಒಪ್ಪಿಗೆಯನ್ನು ಎರಡು ಹಂತಗಳಲ್ಲಿ, ನಡುವೆ ಯೋಚನೆಗೆ ಕಾಲವಿಟ್ಟು ಪಡೆಯಬೇಕು. ಮಗುವಿಗೆ ಚಿಕಿತ್ಸೆ ಮಾಡುವ ವೈದ್ಯರಲ್ಲದೆ, ದಾನಿಯ ಹಿತವನ್ನಷ್ಟೇ ನೋಡುವ ಬೇರೊಬ್ಬರಿರಬೇಕು ಎಂದು ವಿಧಿಸಿಕೊಂಡರು. ಹಿಂಜರಿಯುವ ದಾನಿಯನ್ನು ಕುಟುಂಬದ ನಿಂದೆಯಿಂದ ಪಾರುಮಾಡಲು 'ವೈದ್ಯಕೀಯವಾಗಿ ಯೋಗ್ಯರಲ್ಲ' ಎಂದಷ್ಟೇ ತಿಳಿಸಿ ಕಳುಹಿಸುವ ಪದ್ಧತಿಯೂ ಕಸಿ ಕೇಂದ್ರಗಳಲ್ಲಿ ಬೆಳೆಯಿತು. ಇಂಥ ಮಾತು ಸತ್ಯವ್ರತಕ್ಕೆ ಭಂಗವೋ ಅಲ್ಲವೋ ಎಂಬುದು ಪ್ರತ್ಯೇಕ ಜಿಜ್ಞಾಸೆಗೆ ಯೋಗ್ಯವಾದ ವಿಷಯ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಶಿಕಾಗೊದ ಮೊದಲ ದಾನಿಯಾದ ತಾಯಿಗೆ ಶಸ್ತ್ರಕ್ರಿಯೆಯ ವೇಳೆ ಗುಲ್ಮಕ್ಕೆ ಪೆಟ್ಟಾಗಿ ಅದನ್ನು ತೆಗೆಯಬೇಕಾಯಿತು. ಮಗು ಉಳಿಯಿತು, ತಾಯಿಯೂ ಚೇತರಿಸಿಕೊಂಡಳು. ಆದರೆ ಅವಳು ಕೊಡಲು ಒಪ್ಪಿದ್ದು ಒಂದು ಅಂಗದ ಭಾಗವನ್ನು. ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು.

ಮಗುವಿಗೆ ಸಾಕಾಗುವುದು ಎಡಭಾಗದ ಸಣ್ಣ ತುಣುಕು. ದೊಡ್ಡವರಿಗೆ ಅದು ಸಾಲದು. ಮಿದುಳಿನ ಸಾವನ್ನು ಒಪ್ಪುವ ಕಾನೂನು 1997ರವರೆಗೆ ಇಲ್ಲದಿದ್ದ ಜಪಾನಿನಲ್ಲಿ ಜೀವಂತ ದಾನಿಗಳ ಹೊರತು ಗತಿಯಿರಲಿಲ್ಲವಾಗಿ, ಕ್ಯೋಟೊ ವಿಶ್ವವಿದ್ಯಾಲಯದ ವೈದ್ಯರು 1994ರಲ್ಲಿ ಬಲಭಾಗವನ್ನು ತೆಗೆಯುವ ಧೈರ್ಯ ಮಾಡಿದರು. 1996ರಲ್ಲಿ ಹಾಂಗ್‌ಕಾಂಗಿನ ವೈದ್ಯರು ವಯಸ್ಕರಿಗಾಗಿ ಇನ್ನೂ ವಿಸ್ತಾರವಾದ ಬಲಭಾಗವನ್ನು ಬಳಸಿದರು. ಬಲಭಾಗವೆಂದರೆ ಯಕೃತ್ತಿನ ಸುಮಾರು ಶೇಕಡಾ 60ರಷ್ಟು; ದಾನಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿಯುತ್ತದೆ. ದಾನಿಯ ಮರಣದ ಸಂಭವವನ್ನು ತಜ್ಞರು ಸಾಮಾನ್ಯವಾಗಿ ಸಾವಿರಕ್ಕೆ ಒಂದರಿಂದ ಐದರವರೆಗೆ ಎಂದು ಅಂದಾಜು ಮಾಡುತ್ತಾರೆ. ಎಡಭಾಗಕ್ಕೆ ಕಡಿಮೆ, ಬಲಭಾಗಕ್ಕೆ ಹೆಚ್ಚು. ರೋಗಿಗೆ ಇದು ಅಲ್ಪವೆನಿಸಬಹುದು. ನಿನ್ನೆಯವರೆಗೆ ಆರೋಗ್ಯದಿಂದ ಓಡಾಡಿಕೊಂಡಿದ್ದವನಿಗೆ ಅಲ್ಪವಲ್ಲ.

2002ರ ಜನವರಿಯಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 57 ವರ್ಷದ ಪತ್ರಕರ್ತರೊಬ್ಬರು ತಮ್ಮನಿಗೆ ಯಕೃತ್ತಿನ ಭಾಗವನ್ನು ಕೊಟ್ಟು ಮೂರು ದಿನಗಳಲ್ಲಿ ತೀರಿಕೊಂಡರು. ತಮ್ಮ ಬದುಕುಳಿದನು. ರಾಜ್ಯ ಸರಕಾರ ಅಲ್ಲಿನ ಜೀವಂತ ದಾನಿಗಳ ಕಸಿಯನ್ನು ತಡೆಹಿಡಿದು ತನಿಖೆ ಮಾಡಿತು. ಎತ್ತಿ ಹೇಳಲಾದ ದೋಷ ಕತ್ತಿಯದಲ್ಲ. ಶಸ್ತ್ರಕ್ರಿಯೆಯ ಅನಂತರದ ಆರೈಕೆಯದು. ಅನುಭವ ಸಾಲದ ಕಿರಿಯ ವೈದ್ಯರೊಬ್ಬರ ಪಾಲಿಗೆ ಬಹಳ ಮಂದಿ ರೋಗಿಗಳು ಬಿದ್ದಿದ್ದರು. ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುವ ತತ್ತ್ವಾರ್ಥಸೂತ್ರವನ್ನು ಬಲ್ಲವರಿಗೆ ಈ ತೀರ್ಮಾನದಲ್ಲಿ ಅಪರಿಚಿತವಾದದ್ದೇನೂ ಇಲ್ಲ. ಮರುವರ್ಷ ಜಪಾನಿನಲ್ಲಿಯೂ ಮಗಳಿಗೆ ಕೊಟ್ಟ ತಾಯಿಯೊಬ್ಬಳು ಮೃತಳಾದಳು.

ದಾನಿಯ ದೇಹಕ್ಕೆ ಆಗುವ ಗಾಯವನ್ನು ಕಡಿಮೆ ಮಾಡಬೇಕೆಂಬ ಪ್ರಯತ್ನಕ್ಕೆ ಈ ಹಿನ್ನೆಲೆ ಇದೆ. ತೆರೆದ ಶಸ್ತ್ರಕ್ರಿಯೆಯಲ್ಲಿ ಪಕ್ಕೆಲುಬುಗಳ ಕೆಳಗೆ ಒಂದು ಗೇಣಿಗಿಂತ ಉದ್ದವಾದ ಸೀಳು ಬೇಕು. ಗಾಯ ಮಾಗಿದ ಮೇಲೂ ಕೆಲವರಿಗೆ ನೋವು, ಹೊಟ್ಟೆಯ ಗೋಡೆಯ ದೌರ್ಬಲ್ಯ, ಮರಗಟ್ಟಿದ ಚರ್ಮ ಉಳಿಯುತ್ತವೆ. 2002ರಲ್ಲಿಯೇ ಫ್ರಾನ್ಸಿನ ಡಾ. ದಾನಿಯೆಲ್ ಷೆರ್ಕಿ ಮತ್ತು ಸಂಗಡಿಗರು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ನೀಳವಾದ ಉಪಕರಣಗಳನ್ನು ಇಳಿಸಿ, ಅಂದರೆ ಲ್ಯಾಪರೊಸ್ಕೋಪಿಯಿಂದ, ಮಕ್ಕಳಿಗಾಗಿ ದಾನಿಯ ಎಡಭಾಗದ ತುಣುಕನ್ನು ತೆಗೆದ ವರದಿಯನ್ನು ಪ್ರಕಟಿಸಿದರು. ಬಲಭಾಗಕ್ಕೆ ಈ ವಿಧಾನ ಹಬ್ಬುವುದು ನಿಧಾನವಾಯಿತು. ಉದ್ದನೆಯ ನೇರ ಕಡ್ಡಿಯ ತುದಿಯಲ್ಲಿರುವ ಕತ್ತರಿಗೆ ಮಣಿಕಟ್ಟಿಲ್ಲ. ಯಕೃತ್ತಿನ ಹಿಂಬದಿಯಲ್ಲಿ ಮಹಾಸಿರೆಗೆ ಅಂಟಿಕೊಂಡ ಸಣ್ಣ ನಾಳಗಳನ್ನು ಬಿಡಿಸುವಾಗ, ಕೂದಲಿನಷ್ಟು ತೆಳುವಾದ ದಾರದಿಂದ ಹೊಲಿಯುವಾಗ ಆ ಕೊರತೆ ಅಪಾಯಕಾರಿ.

ಆ ಮಣಿಕಟ್ಟನ್ನು ಒದಗಿಸಿದ ಯಂತ್ರದ ಹುಟ್ಟು ಬೇರೆಡೆಯದು, ಆಸ್ಪತ್ರೆಯದಲ್ಲ. ಯುದ್ಧಭೂಮಿಯಲ್ಲಿ ಗಾಯಗೊಂಡ ಸೈನಿಕನಿಗೆ ದೂರದ ಸುರಕ್ಷಿತ ಸ್ಥಳದಲ್ಲಿ ಕುಳಿತ ವೈದ್ಯನು ಶಸ್ತ್ರಚಿಕಿತ್ಸೆ ಮಾಡುವಂತಾಗಬೇಕೆಂಬ ಉದ್ದೇಶದಿಂದ ಅಮೆರಿಕೆಯ ರಕ್ಷಣಾ ಸಂಶೋಧನಾ ಸಂಸ್ಥೆ ಹಣ ಒದಗಿಸಿ, ಕ್ಯಾಲಿಫೋರ್ನಿಯದ ಎಸ್.ಆರ್.ಐ. ಸಂಶೋಧನಾಲಯದಲ್ಲಿ ಇದನ್ನು ಬೆಳೆಸಲಾಯಿತು. ರಣರಂಗದಲ್ಲಿ ಅದು ಬಳಕೆಗೆ ಬರಲಿಲ್ಲ. 1995ರಲ್ಲಿ ಸ್ಥಾಪಿತವಾದ ಇಂಟ್ಯೂಟಿವ್ ಸರ್ಜಿಕಲ್ ಎಂಬ ಕಂಪನಿ ಆ ತಂತ್ರವನ್ನು ಪಡೆದು 'ಡಾ ವಿಂಚಿ' ಎಂಬ ಯಂತ್ರವಾಗಿ ರೂಪಿಸಿತು. 2000ದಲ್ಲಿ ಅಮೆರಿಕೆಯ ಔಷಧ ನಿಯಂತ್ರಣ ಇಲಾಖೆಯ ಅನುಮತಿ ದೊರೆಯಿತು. ಮರುವರ್ಷ ಡಾ. ಜಾಕ್ ಮರೆಸ್ಕೊ ಬೇರೊಂದು ಕಂಪನಿಯ ಯಂತ್ರದ ನೆರವಿನಿಂದ ನ್ಯೂಯಾರ್ಕಿನಲ್ಲಿ ಕುಳಿತು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಮಲಗಿದ್ದ ರೋಗಿಯ ಪಿತ್ತಕೋಶವನ್ನು ತೆಗೆದಾಗ ಲೋಕ ಬೆರಗಾಯಿತು.

ರೋಬೋಟ್ ಎಂಬ ಹೆಸರು ಜನರಲ್ಲಿ ಭ್ರಮೆಯನ್ನು ಹುಟ್ಟಿಸಿದೆ. ಈ ಯಂತ್ರ ತಾನಾಗಿ ಏನನ್ನೂ ನಿಶ್ಚಯಿಸುವುದಿಲ್ಲ, ತಾನಾಗಿ ಕತ್ತರಿಸುವುದೂ ಇಲ್ಲ. ವೈದ್ಯರು ಅದೇ ಕೋಣೆಯಲ್ಲಿ, ಕೆಲವು ಅಡಿಗಳಾಚೆ, ಮೇಜಿನಂಥ ನಿಯಂತ್ರಣ ಪೀಠದ ಮುಂದೆ ಕುಳಿತು ಹಲವು ಪಟ್ಟು ಹಿಗ್ಗಿಸಿದ ಮೂರು ಆಯಾಮಗಳ ಚಿತ್ರವನ್ನು ನೋಡುತ್ತ ಬೆರಳುಗಳನ್ನು ಆಡಿಸುತ್ತಾರೆ. ರೋಗಿಯ ಹೊಟ್ಟೆಯಲ್ಲಿ 8 ಮಿಲಿಮೀಟರ್ ದಪ್ಪದ ಉಪಕರಣಗಳು ಅದನ್ನೇ ಅನುಸರಿಸುತ್ತವೆ. ಕೈಯ ನಡುಕವನ್ನು ಯಂತ್ರ ಸೋಸಿಬಿಡುತ್ತದೆ, ದೊಡ್ಡ ಚಲನೆಯನ್ನು ಸಣ್ಣದಾಗಿ ಇಳಿಸುತ್ತದೆ. ಹಸಿರು ವರ್ಣದ್ರವ್ಯವೊಂದನ್ನು ರಕ್ತಕ್ಕೆ ಸೇರಿಸಿ ವಿಶೇಷ ಬೆಳಕಿನಲ್ಲಿ ನೋಡಿದರೆ ಪಿತ್ತನಾಳಗಳು ಹೊಳೆದು ಕಾಣುತ್ತವೆ. ಎಲ್ಲಿ ಕತ್ತರಿಸಬೇಕೆಂಬುದು ನಿಶ್ಚಿತವಾಗುತ್ತದೆ. ಬೇರ್ಪಡಿಸಿದ ಭಾಗವನ್ನು ಚೀಲದಲ್ಲಿಟ್ಟು, ಹೆರಿಗೆಯ ಶಸ್ತ್ರಕ್ರಿಯೆಯಲ್ಲಿ ಮಾಡುವಂತೆ ಕಿಬ್ಬೊಟ್ಟೆಯಲ್ಲಿ ಅಡ್ಡಲಾಗಿ ಕೊಯ್ದು ಹೊರತೆಗೆಯುತ್ತಾರೆ. ಪಕ್ಕೆಲುಬಿನ ಕೆಳಗಿನ ಸ್ನಾಯುಗಳು ಅಖಂಡವಾಗಿ ಉಳಿಯುತ್ತವೆ.

ರೋಬೋಟಿನ ನೆರವಿನಿಂದ ದಾನಿಯ ಯಕೃತ್ತಿನ ಬಲಭಾಗವನ್ನು ತೆಗೆದ ಮೊದಲ ವರದಿ 2012ರಲ್ಲಿ, ಇಟಲಿ ಮೂಲದ ಡಾ. ಪಿಯೆರ್ ಜುಲಿಯಾನೊಟ್ಟಿಯವರ ತಂಡದಿಂದ ಬಂದಿತು. ಸ್ಥಳ ಪುನಃ ಶಿಕಾಗೊ, ವಿಶ್ವವಿದ್ಯಾಲಯ ಬೇರೆ. ಯಕೃತ್ತಿನ ಕಸಿಯಲ್ಲಿ ಈ ಯಂತ್ರ ಮೊದಲು ಪ್ರವೇಶಿಸಿದ್ದು ರೋಗಿಯ ಸೇವೆಗಲ್ಲ, ದಾನಿಯ ಸೇವೆಗೆ ಎಂಬುದು ಗಮನಾರ್ಹ. ಅನಂತರ ತೈವಾನ್, ದಕ್ಷಿಣ ಕೊರಿಯ, ಸೌದಿ ಅರೇಬಿಯಗಳಲ್ಲಿ ಇದು ಬೆಳೆಯಿತು. ರಿಯಾದಿನ ಕಿಂಗ್ ಫೈಸಲ್ ಆಸ್ಪತ್ರೆಯಲ್ಲಿ ಡಾ. ಡೀಟರ್ ಬ್ರೋರಿಂಗ್ ಅವರ ತಂಡ 2018ರಿಂದೀಚೆಗೆ ನೂರಾರು ದಾನಿಗಳಲ್ಲಿ ಈ ಕ್ರಮವನ್ನು ಅನುಸರಿಸಿದೆ. ಭಾರತದಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯ ವೈದ್ಯರು ತೆರೆದ ಶಸ್ತ್ರಕ್ರಿಯೆಯೊಂದಿಗೆ ಹೋಲಿಸಿ ತಮ್ಮ ಅನುಭವವನ್ನು ಪ್ರಕಟಿಸಿದ್ದಾರೆ.

ರೋಗಿಯ ಪಾಲಿಗೆ ಯಂತ್ರ ಬಂದದ್ದು ಇನ್ನೂ ತಡವಾಗಿ. ಕೆಟ್ಟ ಯಕೃತ್ತಿನ ಸುತ್ತ ರಕ್ತನಾಳಗಳು ಉಬ್ಬಿರುತ್ತವೆ, ರಕ್ತ ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. 1963ರ ಮಗುವನ್ನು ಬಲಿತೆಗೆದುಕೊಂಡ ಕಾರಣ ಇಂದಿಗೂ ಅಲ್ಲಿಯೇ ಇದೆ. ದಕ್ಷಿಣ ಕೊರಿಯದ ಸಿಯೋಲ್‌ನಲ್ಲಿ ಡಾ. ಸುಹ್ ಕ್ಯುಂಗ್-ಸುಕ್ ಅವರ ತಂಡ ಹಳೆಯ ಯಕೃತ್ತನ್ನು ಲ್ಯಾಪರೊಸ್ಕೋಪಿಯಿಂದ ತೆಗೆದು ಹೊಸದನ್ನು ರೋಬೋಟಿನಿಂದ ಹೊಲಿದು ದಾರಿಮಾಡಿತು. 2023ರ ಮೇ ತಿಂಗಳಿನಲ್ಲಿ ಅಮೆರಿಕೆಯ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯರು ರೋಗಿಯ ಶಸ್ತ್ರಕ್ರಿಯೆಯನ್ನು ಪೂರ್ತಿಯಾಗಿ ರೋಬೋಟಿನಿಂದಲೇ ನೆರವೇರಿಸಿದರು. ಅದಕ್ಕೆ ಎಂಟು ಗಂಟೆಗಳಿಗೂ ಮಿಕ್ಕಿ ಹಿಡಿಯಿತು. ಅದೇ ವರ್ಷ ರಿಯಾದಿನಲ್ಲಿಯೂ, 2024ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿಯೂ ಇಂಥ ಕಾರ್ಯ ನಡೆಯಿತು.

ಲಾಭಗಳು ನಿಜವಾದವು. ನೋವು ಕಡಿಮೆ, ರಕ್ತಸ್ರಾವ ಕಡಿಮೆ, ಮನೆಗೆ ಬೇಗ ಹಿಂದಿರುಗಬಹುದು. ಆದರೆ ಹೊರಗಿನ ಗಾಯ ಕಿರಿದಾಯಿತೆಂದು ಒಳಗಿನ ನಷ್ಟ ಕಿರಿದಾಗುವುದಿಲ್ಲ. ಯಾವ ಕೈ ಕತ್ತರಿಸಿದರೂ ದಾನಿ ಕಳೆದುಕೊಳ್ಳುವುದು ಅದೇ ಶೇಕಡಾ 60ನ್ನೇ. ಸಾವಿರಕ್ಕೆ ಒಂದೋ ಐದೋ ಸಂಭವಿಸುವ ಮರಣ ಈ ವಿಧಾನದಿಂದ ತಗ್ಗಿದೆಯೆಂದು ನಿಶ್ಚಯವಾಗಿ ಹೇಳಬೇಕಾದರೆ ಸಾವಿರಾರು ದಾನಿಗಳನ್ನು ವರ್ಷಗಟ್ಟಲೆ ಅನುಸರಿಸಿ ನೋಡಬೇಕು. ಕೆಲವು ನಿಪುಣರ ಕೆಲವು ನೂರು ಯಶಸ್ಸುಗಳು ಸಾಲವು. ಹಠಾತ್ತನೆ ರಕ್ತ ಚಿಮ್ಮಿದರೆ ಯಂತ್ರದ ತೋಳುಗಳನ್ನು ಸರಿಸಿ ಹೊಟ್ಟೆಯನ್ನು ತೆರೆಯಲೇಬೇಕಾದೀತು. ಆ ಕೆಲವು ನಿಮಿಷಗಳಲ್ಲಿ, ತೆರೆದ ಶಸ್ತ್ರಕ್ರಿಯೆಯಲ್ಲಿ ಪಳಗಿದ ಕೈ ಪಕ್ಕದಲ್ಲಿಲ್ಲದಿದ್ದರೆ ದಾನಿಗೆ ರಕ್ಷಣೆಯಿಲ್ಲ. ಬಹುಕಾಲ ಬಳಕೆಯಲ್ಲಿದ್ದ ಯಂತ್ರಗಳಲ್ಲಿ ಸ್ಪರ್ಶಜ್ಞಾನವೂ ಇರಲಿಲ್ಲ. ಒತ್ತಡವನ್ನು ವೈದ್ಯರ ಬೆರಳಿಗೆ ತಿಳಿಸುವ ಮಾದರಿಗೆ ಅಮೆರಿಕೆಯಲ್ಲಿ ಅನುಮತಿ ದೊರೆತದ್ದು 2024ರಲ್ಲಿ. ಇನ್ನೊಂದು ಸೂಕ್ಷ್ಮವೂ ಇದೆ. ರಕ್ತಸಂಚಾರ ನಿಂತ ತುಣುಕನ್ನು ಕಿರಿದಾದ ಸೀಳಿನಿಂದ ಹೊರತೆಗೆಯಲು ಕೆಲವು ನಿಮಿಷ ಹೆಚ್ಚು ಹಿಡಿಯಬಹುದು. ದಾನಿಗೆ ಆಗುವ ಹಿತದ ಬೆಲೆಯನ್ನು ಆಗ ಅಂಗವನ್ನು ಪಡೆಯುವವನು ತೆರುತ್ತಾನೆ. ಹಣದ ಬೆಲೆ ಬೇರೆ. ಯಂತ್ರವೂ ದುಬಾರಿ, ಪ್ರತಿ ಶಸ್ತ್ರಕ್ರಿಯೆಗೆ ಬಳಸುವ ಉಪಕರಣಗಳೂ ದುಬಾರಿ.

ಇವೆಲ್ಲಕ್ಕಿಂತ ಗಹನವಾದದ್ದು 1989ರಲ್ಲಿ ಶಿಕಾಗೊದವರು ಕೇಳಿಕೊಂಡ ಪ್ರಶ್ನೆ. ದಾನ ಸುಲಭವೆಂದು ತೋರಿದಷ್ಟೂ ಬೇಡವೆನ್ನುವುದು ಕಷ್ಟವಾಗುತ್ತದೆ. ಹಿಂದೆ ಹಿಂಜರಿದವಳ ಮುಂದೆ ಉದ್ದನೆಯ ಗಾಯದ ಭಯವಾದರೂ ಒಂದು ಕಾರಣವಾಗಿ ಇತ್ತು. ಕುಟುಂಬವೂ ಅದನ್ನು ಒಪ್ಪುತ್ತಿತ್ತು. 'ಈಗೇನು, ನಾಲ್ಕು ಸಣ್ಣ ರಂಧ್ರಗಳಷ್ಟೇ' ಎಂಬ ಮಾತು ಮನೆಯಲ್ಲಿ ಹುಟ್ಟಿದರೆ ಆ ಆಶ್ರಯವೂ ಹೋಯಿತು.

ಈ ಮಾತು ಭಾರತಕ್ಕೆ ವಿಶೇಷವಾಗಿ ಸಲ್ಲುತ್ತದೆ. ಇಲ್ಲಿ ಯಶಸ್ವಿಯಾದ ಮೊದಲ ಯಕೃತ್ತಿನ ಕಸಿ 1998ರ ನವೆಂಬರಿನಲ್ಲಿ ದೆಹಲಿಯ ಅಪೋಲೊ ಆಸ್ಪತ್ರೆಯಲ್ಲಿ ನಡೆದಾಗ, ಕಾಂಚೀಪುರದ ಪುಟ್ಟ ಮಗುವಿಗೆ ಕೊಟ್ಟವನು ಅದರ ತಂದೆ. ಆ ಮಗು ಬೆಳೆದು ವೈದ್ಯನಾದನು. 2023ರ ವೇಳೆಗೆ ದೇಶದಲ್ಲಿ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಯಕೃತ್ತಿನ ಕಸಿಗಳು ಆಗುತ್ತಿದ್ದವು; ಅವುಗಳಲ್ಲಿ ಬಹುಪಾಲು ಜೀವಂತ ದಾನಿಗಳಿಂದ. ಮರಣಾನಂತರ ಅಂಗಗಳನ್ನಿತ್ತವರು ಆ ವರ್ಷ ಇಡೀ ದೇಶದಲ್ಲಿ ಸುಮಾರು 1,100 ಮಂದಿ, ಅಂದರೆ ಹತ್ತು ಲಕ್ಷ ಜನಕ್ಕೆ ಒಬ್ಬರಿಗಿಂತ ಕಡಿಮೆ. ಸ್ಪೇನ್ ದೇಶದಲ್ಲಿ ಈ ಪ್ರಮಾಣ ನಲವತ್ತನ್ನು ಮೀರಿದೆ. ಸತ್ತವರ ದೇಹ ಚಿತೆಯಲ್ಲಿ ಬೂದಿಯಾಗುವಾಗ ಬದುಕಿರುವವರ ದೇಹ ಕತ್ತಿಗೆ ಒಡ್ಡಿಕೊಳ್ಳುತ್ತಿದೆ. ಕರ್ನಾಟಕದಲ್ಲಿ ಮರಣೋತ್ತರ ಅಂಗದಾನವನ್ನು ನೋಡಿಕೊಳ್ಳುವ ಸರಕಾರದ 'ಜೀವಸಾರ್ಥಕತೆ' ಸಂಸ್ಥೆಯಲ್ಲಿ ಹೆಸರು ನೋಂದಾಯಿಸುವುದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ.

ಬದುಕಿರುವ ದಾನಿಗಳು ಯಾರು? ರಾಷ್ಟ್ರೀಯ ಅಂಗಕಸಿ ಸಂಸ್ಥೆಯ ಅಂಕಿಗಳಂತೆ 1995ರಿಂದ 2021ರವರೆಗೆ ನಡೆದ 36,640 ಕಸಿಗಳಲ್ಲಿ ಅಂಗವನ್ನು ಪಡೆದವರಲ್ಲಿ ಐವರಿಗೆ ಸುಮಾರು ನಾಲ್ವರು ಪುರುಷರು. ಜೀವಂತವಾಗಿ ಕೊಟ್ಟವರಲ್ಲಿ ಬಹುಸಂಖ್ಯಾತರು ಮಹಿಳೆಯರು, ತಾಯಂದಿರು, ಹೆಂಡತಿಯರು. ಕಾನೂನು ಇದನ್ನು ಅರಿಯದೆ ಇಲ್ಲ. 1994ರ ಅಂಗಕಸಿ ಕಾಯಿದೆಗೆ ಸೇರಿದ 2014ರ ನಿಯಮಗಳಲ್ಲಿ, ದಾನಿ ಮಹಿಳೆಯಾದಾಗ ಹೆಚ್ಚಿನ ಎಚ್ಚರ ವಹಿಸಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗವನ್ನು ಪಡೆಯುವವನಲ್ಲದ ಬೇರೊಬ್ಬ ವ್ಯಕ್ತಿ ದೃಢಪಡಿಸಬೇಕು ಎಂದಿದೆ. ಆ ಬೇರೊಬ್ಬ ವ್ಯಕ್ತಿ ಅದೇ ಮನೆಯವನಾಗಿರಬಾರದೆಂದು ನಿಯಮ ಹೇಳಿಲ್ಲ.